ಮೊದಲು ತಿರುವು ತೋರಿಸಬೇಕು

ಅಕ್ಕನ ಹಲ್ಲು ಮುರಿದ ಮಾರನೆಯ ದಿನವೇ ಸುತ್ತಿಗೆ ಎಂಬ ಅಡ್ಡಹೆಸರಿನವನು ಹೊಸ ಕಾರು ನೋಡಲು ಬಂದ. ಹಲ್ಲು ಮುರಿದವನೂ ಅವನೇ.

ಬಂದವನು ಅಂಗಳದ ನಟ್ಟನಡುವೆ ನಿಂತು, "ಎಲ್ಲಿ ನನ್ನ ನಾದಿನಿ? ಕರೀರಿ ಅವಳನ್ನ!" ಎಂದು ಹಬ್ಬದೂಟಕ್ಕೆ ಬಂದವನ ಉತ್ಸಾಹದಲ್ಲಿ ಕೂಗಿದ. ಇಂಥವರಿಗೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ, ಬೆಳಿಗ್ಗೆ ಹಸಿವೂ ಚೆನ್ನಾಗಿ ಆಗುತ್ತದೆ. ನಿದ್ದೆ ಕೆಡುವುದೇನಿದ್ದರೂ ಪಕ್ಕದಲ್ಲಿ ಮಲಗಿದವರಿಗೆ.

ನಾದಿನಿ ಎಂದರೆ ಅವನ ಹೆಂಡತಿಯ ತಂಗಿ. ಈ ಕಥೆ ಅವಳದು. ಅವಳನ್ನು ತಂಗಿ ಎಂದೇ ಕರೆಯೋಣ, ಯಾಕೆಂದರೆ ಅವಳ ಬದುಕಿನಲ್ಲಿ ಅವಳು ಮೊದಲು ಅದು, ಉಳಿದದ್ದೆಲ್ಲ ಆಮೇಲೆ. ಕೈ ಬದಲಾಯಿಸಿದ ಸ್ಪೋರ್ಟ್ಸ್ ಕಾರುಗಳನ್ನು ಮಾರುವ ಆ ಅಂಗಳದಲ್ಲಿ ಗಿರಾಕಿಗಳಿಗೆ ಕಾರು ಓಡಿಸಿ ತೋರಿಸುವುದು ಅವಳ ಕೆಲಸ. ಎರಡು ಬಾಗಿಲಿನ, ಮುಂದೆ ಇಬ್ಬರು ಆರಾಮಾಗಿ ಕೂತು ಹಿಂದೆ ಇಬ್ಬರು ಮೊಣಕಾಲನ್ನು ಗಲ್ಲಕ್ಕೆ ಒತ್ತಿಕೊಂಡು ಕೂರಬೇಕಾದ ಕೂಪೆ ಕಾರುಗಳು. ಅವನ್ನು ಕೊಳ್ಳಲು ಬರುವವರಲ್ಲಿ ಅರ್ಧ ಜನಕ್ಕೆ ಓಡಿಸಲು ಬರುವುದಿಲ್ಲ, ಅದನ್ನು ಅವರ ಮುಖಕ್ಕೆ ಹೇಳುವ ಹಾಗೂ ಇಲ್ಲ. ಅದಕ್ಕೇ ಯಜಮಾನ ಒಂದು ನಿಯಮ ಮಾಡಿಟ್ಟಿದ್ದ. ಯಾವ ಕಾರಾದರೂ ಸರಿ, ಯಾವ ಗಿರಾಕಿಯಾದರೂ ಸರಿ, ಮೊದಲು ತಿರುವು ತೋರಿಸಬೇಕು. ನೇರ ರಸ್ತೆ ಆಮೇಲೆ. ನೇರ ರಸ್ತೆಯಲ್ಲಿ ಎಲ್ಲ ಕಾರೂ ಒಳ್ಳೆಯದೇ. ಅಂಗಳದ ಹಿಂದಿನ ರಸ್ತೆಯಲ್ಲಿ, ಗುಡ್ಡ ಕಡಿದು ಮಾಡಿದ ಒಂದು ಎಡ ತಿರುವಿತ್ತು, ಹೊರಬದಿಗೆ ಕಲ್ಲಿನ ಗೋಡೆ. ತಂಗಿ ಪ್ರತಿಯೊಬ್ಬ ಗಿರಾಕಿಯನ್ನೂ ಮೊದಲು ಅಲ್ಲಿಗೇ ಕರೆದೊಯ್ಯುತ್ತಿದ್ದಳು. ಅದನ್ನು ಅವಳು ಒಮ್ಮೆಯೂ ತಪ್ಪಿಸಿರಲಿಲ್ಲ.

ಸುತ್ತಿಗೆ ಎನ್ನುವುದು ಅವನಿಗೆ ಬಾಕ್ಸಿಂಗ್ ಕಣದಲ್ಲಿ ಬಿದ್ದ ಹೆಸರು. ಅವನ ಬಲಗೈ ನೋಡಿ ಜನ ಇಟ್ಟದ್ದು. ಈಗ ಕಣ ಬಿಟ್ಟು ಬಾಕ್ಸಿಂಗ್ ಹೇಳಿಕೊಡುವ ಜಿಮ್ ನಡೆಸುತ್ತಿದ್ದ. ಜಿಮ್ಮಿನಲ್ಲಿ ಸಂಯಮದ ಬಗ್ಗೆ ಭಾಷಣ ಬಿಗಿಯುತ್ತಿದ್ದ, ಮನೆಗೆ ಬಂದು ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಅಕ್ಕನ ಪಕ್ಕೆಲುಬು ಮುರಿಯುತ್ತಿದ್ದ. ಅಕ್ಕ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಊದಿದ ಒಂದು ಕಣ್ಣಿನಲ್ಲೇ ಬೇರೆಯವರ ಎರಡು ಕಣ್ಣು ನೋಡಿ ನಂಬರು ಹೇಳಿದ ದಿನಗಳೂ ಇದ್ದವು.

ತಂಗಿ ಸುಮ್ಮನೆ ಕೂತವಳಲ್ಲ. ಪೊಲೀಸರಿಗೆ ಹೇಳಿದಳು. ಅವರು ಬಂದರು, ಅವರಲ್ಲಿ ಒಬ್ಬ ಅವನ ಜಿಮ್ಮಿಗೆ ಬರುವವನೇ ಆಗಿದ್ದ, ಕಾಫಿ ಕುಡಿದು ಹೋದರು. ಅಕ್ಕನನ್ನು ತನ್ನ ಮನೆಗೆ ಕರೆತಂದು ಇಟ್ಟುಕೊಂಡಳು. ಅವನು ಬೀದಿಯಲ್ಲಿ ನಿಂತು ಹಾರ್ನ್ ಬಾರಿಸಿದ, ಅಕ್ಕ ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದಳು. ಒಮ್ಮೆ ತಲೆ ಕೆಟ್ಟು, ತಂಗಿಯೇ ಸ್ಪ್ಯಾನರ್ ಎತ್ತಿ ಅವನ ಭುಜಕ್ಕೆ ಬೀಸಿದಳು. ಅವನು ನಕ್ಕ. "ಪರವಾಗಿಲ್ವೇ, ಕೈಯಲ್ಲಿ ಜೋರಿದೆ" ಎಂದು ಮೆಚ್ಚಿಕೊಂಡು ಹೋದ. ಅವತ್ತು ಸಂಜೆ ಅಕ್ಕನ ಭುಜದ ಮೂಳೆ ಮುರಿಯಿತು. ಅವನಿಗೆ ಕೊಟ್ಟ ಪ್ರತಿ ಏಟೂ ಅಕ್ಕನ ಮೈಮೇಲೆ ತಿರುಗಿ ಬೀಳುತ್ತದೆ ಎಂದು ತಂಗಿಗೆ ಅವತ್ತು ಗೊತ್ತಾಯಿತು. ಹೊಡೆದರೆ, ಅವನು ಮತ್ತೆ ಏಳಬಾರದು. ಹೊಡೆದವರು ಯಾರೆಂದು ಯಾರಿಗೂ ಗೊತ್ತಾಗಬಾರದು.

"ನನ್ನ ಹಳೇ ಗಾಡಿ ಹೋಯ್ತಲ್ಲ" ಎಂದ ಸುತ್ತಿಗೆ. ಯಾರೋ ದಾರಿ ಬಿಡಲಿಲ್ಲವೆಂದು ಆ ಮನುಷ್ಯನ ಕಾರನ್ನು ಹಿಂದಿನಿಂದ ಗುದ್ದಿ, ಗುದ್ದಿ, ಕೊನೆಗೆ ಚರಂಡಿಗೆ ನೂಕಿ, ತನ್ನ ಕಾರನ್ನೂ ನುಚ್ಚುನೂರು ಮಾಡಿಕೊಂಡಿದ್ದ. "ಈಗ ಹೇಳು ನಾದಿನಿ. ಎಲ್ರೂ ಟರ್ಬೋ ಟರ್ಬೋ ಅಂತ ಬಾಯಿ ಬಡ್ಕೋತಾರೆ. ನಂಗೆ ದೊಡ್ಡ ಎಂಜಿನ್ನೇ ಅಭ್ಯಾಸ. ನೀನೇನಂತೀಯಾ?"

"ಎರಡೂ ಇದೆ ಭಾವ. ಓಡ್ಸಿ ನೋಡಿ" ಎಂದಳು ತಂಗಿ. ಅವಳ ದನಿ ನೆಟ್ಟಗಿತ್ತು. ನಿನ್ನೆ ಸಂಜೆ ಅಕ್ಕ ಫೋನಿನಲ್ಲಿ ಮಾತಾಡಿದಾಗ ಬಾಯಿಂದ ಪದಗಳಿಗಿಂತ ಗಾಳಿಯೇ ಹೆಚ್ಚು ಬಂದಿತ್ತು.

ಅಂಗಳದಲ್ಲಿ ಅಕ್ಕಪಕ್ಕ ಎರಡು ಕೂಪೆ ನಿಂತಿದ್ದವು. ಬೂದು ಬಣ್ಣದ್ದಕ್ಕೆ ಆರು ಸಿಲಿಂಡರಿನ ದೊಡ್ಡ ಎಂಜಿನ್, ಟರ್ಬೋ ಇಲ್ಲ. ಕೆಂಪು ಬಣ್ಣದ್ದಕ್ಕೆ ಅದರ ಅರ್ಧದಷ್ಟು ಎಂಜಿನ್, ಜೊತೆಗೆ ಟರ್ಬೋ. ಕಾಗದದ ಮೇಲೆ ಎರಡರ ಶಕ್ತಿಯೂ ಒಂದೇ. ವ್ಯತ್ಯಾಸ ಕಾಲಿಗೆ ಗೊತ್ತಾಗುವಂಥದ್ದು. ದೊಡ್ಡ ಎಂಜಿನ್ನಿನಲ್ಲಿ ಎಷ್ಟು ಒತ್ತಿದರೆ ಅಷ್ಟು, ಆ ಕ್ಷಣಕ್ಕೇ. ಆ ಹಳೆಯ ಟರ್ಬೋದಲ್ಲಿ ಹಾಗಲ್ಲ. ಒತ್ತಿದಾಗ ಮೊದಲು ಏನೂ ಇಲ್ಲ. ಎಂಜಿನ್ನಿನ ಹೊಗೆ ಟರ್ಬೋದೊಳಗಿನ ಪುಟ್ಟ ಚಕ್ರವನ್ನು ತಿರುಗಿಸಿ, ಚಕ್ರ ಗಾಳಿಯನ್ನು ಒಳಗೆ ತುರುಕುವವರೆಗೆ ಕಾಯಬೇಕು. ಕಾಯಲಾರದೆ ಇನ್ನಷ್ಟು ಒತ್ತಿದರೆ, ಎಲ್ಲ ಶಕ್ತಿಯೂ ಒಟ್ಟಿಗೆ, ಬೇಡವಾದ ಹೊತ್ತಿನಲ್ಲಿ ಬರುತ್ತದೆ. ದೊಡ್ಡ ಎಂಜಿನ್ ಓಡಿಸಿ ರೂಢಿಯಾದ ಕಾಲು ಟರ್ಬೋ ಕಾರಿನ ತಿರುವಿನಲ್ಲಿ ಮಾಡುವ ತಪ್ಪು ಅದೊಂದೇ, ಮತ್ತು ಅದೊಂದೇ ಸಾಕು. ತಿರುವನ್ನು ಮೊದಲು ತೋರಿಸುವ ನಿಯಮ ಹುಟ್ಟಿದ್ದೂ ಇಂಥ ಕಾಲುಗಳಿಗಾಗಿಯೇ.

ಮೊದಲು ಬೂದು ಕಾರು. ಅವನೇ ಓಡಿಸಿದ, ತಂಗಿ ಪಕ್ಕದಲ್ಲಿ ಕೂತಳು. ತಿರುವಿಗೆ ಬಂದಾಗ ಅವಳು ರಸ್ತೆ ನೋಡಲಿಲ್ಲ, ಅವನ ಬಲಗಾಲನ್ನು ನೋಡಿದಳು. ಬ್ರೇಕು ಒತ್ತಿ ಒಳಗೆ ನುಗ್ಗಿದ, ತಿರುವಿನ ನಟ್ಟನಡುವೆ ಆಕ್ಸಿಲರೇಟರನ್ನು ನೆಲಕ್ಕೆ ತುಳಿದ. ಕಾರು ಮಾತು ಕೇಳಿ ಹೊರಬಂತು. ಅವನಿಗೆ ಆ ಅಭ್ಯಾಸ ಮೈಗೂಡಿಹೋಗಿತ್ತು.

"ಒಳ್ಳೇ ಗಾಡಿ. ಆದ್ರೆ ನನ್ನ ಹಳೇದೇ ಇದು" ಎಂದ.

"ಹೌದು ಭಾವ. ಹಳೇದೇ" ಎಂದಳು ತಂಗಿ.

ಆಮೇಲೆ ಕೆಂಪು ಕಾರು. "ಇದನ್ನ ಮೊದ್ಲು ನಾನು ಓಡಿಸ್ತೀನಿ" ಎಂದು ಸ್ಟೀರಿಂಗ್ ಹಿಡಿದಳು. ಗೇಟು ದಾಟಿ ಎಡಕ್ಕೆ ಹೋದರೆ ತಿರುವು, ಬಲಕ್ಕೆ ಹೋದರೆ ನೇರ ರಸ್ತೆ. ತಂಗಿ ಬಲಕ್ಕೆ ತಿರುಗಿಸಿದಳು.

ಅಷ್ಟೇ. ಕೊಲೆ ಎಂದರೆ ಚೂರಿಯೇ ಬೇಕೆಂದಿಲ್ಲ. ಎಡಕ್ಕೆ ಹೋಗಬೇಕಾದ ಕಡೆ ಬಲಕ್ಕೆ ಹೋದರೂ ಆಗುತ್ತದೆ. ತಿರುಗಿಸುವಾಗ ಅವಳು ಹಿಂದುಮುಂದು ನೋಡಲಿಲ್ಲ. ನನ್ನನ್ನು ಕೇಳಿದರೆ, ನೋಡಬೇಕಾದ ಕಾರಣವೂ ಇರಲಿಲ್ಲ.

ನೇರ ರಸ್ತೆಯಲ್ಲಿ ಟರ್ಬೋ ತನ್ನ ಆಟ ತೋರಿಸಿತು. ಬೆನ್ನಿಗೆ ಒದ್ದ ಹಾಗೆ ಕಾರು ಚಿಮ್ಮಿದಾಗ ಸುತ್ತಿಗೆ ತೊಡೆ ತಟ್ಟಿ ಕೇಕೆ ಹಾಕಿದ. "ಏನೇ ಇದು! ಒದೀತಲ್ಲೇ! ಇಂಥದ್ದು ಇಟ್ಕೊಂಡು ನಂಗೆ ಆ ಮುದುಕನ ಗಾಡಿ ತೋರಿಸ್ತಿದ್ಯಾ?"

"ನಿಮ್ಗೆ ಅಭ್ಯಾಸ ಇಲ್ಲ ಅಂತ..."

"ನಂಗೆ ಅಭ್ಯಾಸ ಇಲ್ಲದ್ದು ಯಾವುದೂ ಇಲ್ಲ. ನೇರವಾಗಿ ಹೇಳು. ಟರ್ಬೋನಾ, ದೊಡ್ಡ ಎಂಜಿನ್ನಾ?"

"ಟರ್ಬೋ" ಎಂದಳು ತಂಗಿ. "ನಿಮ್ಮಂಥೋರಿಗೆ ಟರ್ಬೋನೇ ಸರಿ ಭಾವ."

ಅಂಗಳಕ್ಕೆ ವಾಪಸು ಬಂದರು. ಗೊತ್ತಿರುವ ಗಿರಾಕಿಗಳಿಗೆ ಒಂದು ಸುತ್ತು ಒಬ್ಬರೇ ಹೋಗಿಬರಲು ಯಜಮಾನ ಬಿಡುತ್ತಿದ್ದ. "ಎರಡೂ ಗಾಡೀಲಿ ತಿರುವು ತೋರಿಸಿದ್ಯಾ?" ಎಂದು ಕೇಳಿದ. "ತೋರಿಸಿದೆ" ಎಂದು ತಂಗಿ ಹೇಳಿದಳು. ಕೀಲಿಯನ್ನು ಸುತ್ತಿಗೆಯ ಬಲಗೈಗೇ ಇಟ್ಟಳು. ಗೆಣ್ಣುಗಳ ಮೇಲೆ ಒಂದು ಹೊಸ ಗಾಯವಿತ್ತು, ಚಿಕ್ಕದು, ಹಲ್ಲು ತಾಗಿದ್ದು.

ಅವನು ಕಾರಿಗೆ ಹತ್ತುವ ಮೊದಲು ಗೇಟಿನ ಕಡೆ ತಿರುಗಿ, ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದ. "ಬಾರೇ! ಎಷ್ಟೊತ್ತು ಅಲ್ಲೇ ಕೂತಿರ್ತೀಯಾ? ನಿನ್ನ ಗಂಡನ ಹೊಸ ಗಾಡಿ ನೋಡು ಬಾ!"

ಗೇಟಿನ ಆಚೆ ನಿಂತಿದ್ದ ಜಿಮ್ಮಿನ ವ್ಯಾನಿನ ಬಾಗಿಲು ತೆರೆಯಿತು. ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ಅಕ್ಕ ಇಳಿದಳು. ಅವಳು ಅಷ್ಟು ಹೊತ್ತೂ ಅಲ್ಲಿದ್ದಳು. ತಂಗಿಗೆ ಅದು ಗೊತ್ತಿರಲಿಲ್ಲ.

"ಅಕ್ಕ, ನೀನು ಹೋಗ್ಬೇಡ" ಎಂದು ಅಡ್ಡ ಬಂದಳು. "ಭಾವ, ಅವಳು ಇಲ್ಲೇ ಇರ್ಲಿ. ಹುಷಾರಿಲ್ಲ ಅವಳಿಗೆ. ನೋಡಿ, ಬಾಯಿ ಊದಿದೆ."

"ಬಾಯಿಂದ ಕಾರಲ್ಲಿ ಕೂರ್ತಾರಾ?" ಎಂದು ಅವನು ತನ್ನ ಜೋಕಿಗೆ ತಾನೇ ನಕ್ಕ. ಅಕ್ಕ ಕಾರಿನ ಎಡಬದಿಗೆ ಹೋಗಿ ಕೂತಾಗಿತ್ತು. ಬೆಲ್ಟ್ ಹಾಕಿಕೊಂಡಳು. ಹೇಳಿದ್ದನ್ನು ಎರಡನೆಯ ಸಲ ಹೇಳಿಸಿಕೊಂಡರೆ ಏನಾಗುತ್ತದೆಂದು ಕಲಿತವಳು.

"ಅಕ್ಕ, ಇಳಿಯೇ!"

"ಬಿಡೇ. ಶುಮ್ನಿರು" ಎಂದಳು ಅಕ್ಕ. ಮುಂದಿನ ಹಲ್ಲಿಲ್ಲದ ಜಾಗದಿಂದ ಗಾಳಿ ಸೋರಿತು.

ತಂಗಿ ಬಾನೆಟ್ಟಿನ ಮುಂದೆ ಬಂದು ನಿಂತಳು. "ಭಾವ, ನಾನು ಸುಳ್ಳು ಹೇಳ್ದೆ. ಈ ಗಾಡಿ ಬೇಡ. ಆ ಬೂದು ಗಾಡಿನೇ ತಗೊಂಡು ಹೋಗಿ. ಇದ್ರಲ್ಲಿ ನಿಮ್ಗೆ ತಿರುವು ತೋರಿಸಿಲ್ಲ. ತಿರುವಿನಲ್ಲಿ ಇದು ಬೇರೆ ಥರ. ನಿಮ್ಮ ಕೈಲಿ ಆಗಲ್ಲ."

ಅವನಿಗೆ ಬೇರೆ ಯಾವ ಮಾತು ಹೇಳಿದ್ದರೂ ನಡೆಯುತ್ತಿತ್ತು. ಆ ಕಡೆಯ ಮೂರು ಪದಗಳನ್ನು ಅವನಿಗೆ ಹೇಳಿ ಹಲ್ಲು ಉಳಿಸಿಕೊಂಡವರು ಕಡಿಮೆ. ಅವನು ಕಾರಿನಿಂದ ಇಳಿದ, ಆತುರವಿಲ್ಲದೆ ನಡೆದು ಬಂದ, ಹಿಂಗೈಯಲ್ಲಿ ಅವಳ ಕಿವಿಯ ಮೇಲೆ ಬಿಟ್ಟ. ತಂಗಿ ಬಾನೆಟ್ಟಿನ ಮೇಲೆ ಬಿದ್ದು ನೆಲಕ್ಕೆ ಜಾರಿದಳು. ಕಿವಿಯೊಳಗೆ ಒಂದೇ ಸಮ ಶಿಳ್ಳೆ. ಯಜಮಾನ ಏನು ಮಾಡಿದನೆಂದರೆ, ಬೇರೆ ಯಾವುದೋ ಕಾರಿನ ಟೈರನ್ನು ಬಗ್ಗಿ ಬಹಳ ಶ್ರದ್ಧೆಯಿಂದ ನೋಡತೊಡಗಿದ. ಇಂಥ ಸಮಯದಲ್ಲಿ ಗಂಡಸರಿಗೆ ಟೈರಿನ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟುತ್ತದೆ.

"ನಂಗೆ ತಿರುವು ಕಲಿಸ್ತಾಳಂತೆ" ಎಂದು ಸುತ್ತಿಗೆ ಸ್ಟೀರಿಂಗ್ ಹಿಂದೆ ಕೂತ. ಅಷ್ಟರಲ್ಲಿ ತಂಗಿ ಎದ್ದು, ಎಡ ಬಾಗಿಲು ತೆಗೆದು, ಅಕ್ಕನ ಸೀಟನ್ನು ಅಕ್ಕನ ಸಮೇತ ಮುಂದಕ್ಕೆ ತಳ್ಳಿ ಹಿಂದೆ ತೂರಿಕೊಂಡಳು.

"ಓಹೋ, ಮೇಡಂ ಬರ್ತಾರಾ! ಬನ್ನಿ ಬನ್ನಿ. ನೋಡಿ ಕಲೀರಿ."

ಕಾರು ಗೇಟು ದಾಟಿ ಎಡಕ್ಕೆ ತಿರುಗಿತು. ಅವನು ಡ್ಯಾಶ್‌ಬೋರ್ಡಿನ ಮೇಲಿನ ಒಂದು ಬಟನ್ ಒತ್ತಿ ಹಿಡಿದ. ಚಕ್ರ ಜಾರಿದರೆ ಕಾರೇ ತಡೆದುಕೊಳ್ಳುವ ವ್ಯವಸ್ಥೆಯ ಬಟನ್ ಅದು. ಅದು ಆಫ್ ಆಗಿದೆಯೆಂಬ ದೀಪ ಹತ್ತಿತು. "ಇದೆಲ್ಲ ಮಕ್ಕಳಿಗೆ" ಎಂದ.

"ಭಾವ, ಅದನ್ನ ಹಾಕಿ. ದಮ್ಮಯ್ಯ ಅಂತೀನಿ. ತಿರುವಿಗೆ ಮುಂಚೇನೇ ಕಾಲು ಸ್ವಲ್ಪ ಒತ್ತಿಟ್ಕೊಳ್ಳಿ. ಮಧ್ಯದಲ್ಲಿ ತುಳೀಬೇಡಿ. ತುಳಿದ್ರೂ ಏನೂ ಆಗ್ಲಿಲ್ಲ ಅಂತ ಇನ್ನೂ ತುಳೀಬೇಡಿ!"

"ಬಾಯಿ ಮುಚ್ಚು."

"ಅಕ್ಕ ಇದ್ದಾಳೆ ಭಾವ!"

ಅವನು ಎಡಗೈಯಿಂದ ಹಿಂದಕ್ಕೆ ಬೀಸಿದ. ಏಟು ತಂಗಿಗೆ ತಾಗಲಿಲ್ಲ, ಅಕ್ಕನ ಕೆನ್ನೆ ಸವರಿಕೊಂಡು ಹೋಯಿತು. ಅಕ್ಕ ಅಭ್ಯಾಸಬಲದಿಂದ ತಲೆ ತಗ್ಗಿಸಿದಳು. ಗೋಡೆ ಕಾಣಿಸಿತು.

ಬ್ರೇಕು ಒತ್ತಿದ, ಒಳಗೆ ನುಗ್ಗಿದ, ನಟ್ಟನಡುವೆ ಕಾಲನ್ನು ನೆಲಕ್ಕೆ ತುಳಿದ. ಏನೂ ಆಗಲಿಲ್ಲ. ಕಾರು ಸೋಮಾರಿಯ ಹಾಗೆ ಉರುಳುತ್ತಿತ್ತು. "ಥೂ, ಸತ್ತುಹೋಯ್ತಾ ಇದು!" ಎಂದು ಕಾಲನ್ನು ಎತ್ತಿ ಇನ್ನೊಮ್ಮೆ, ಒದೆಯುವ ಹಾಗೆ ತುಳಿದ. "ಬಿಡಿ! ಕಾಲು ಬಿಡಿ!" ಎಂದು ತಂಗಿ ಕಿರುಚಿದಳು. ಆಗ ಬಂತು ಟರ್ಬೋ. ಹಿಂದಿನ ಚಕ್ರಗಳು ಹಿಡಿತ ತಪ್ಪಿ ಹೊರಕ್ಕೆ ಜಾರಿದವು, ಕಾರಿನ ಮೂತಿ ಗುಡ್ಡದ ಕಡೆ ತಿರುಗಿತು, ಅವನ ಬದಿಯ ಬಾಗಿಲು ಕಲ್ಲಿನ ಗೋಡೆಗೆ ಅಪ್ಪಳಿಸಿತು. ಲೋಹ ಹರಿಯಿತು. ಗಾಜು ಪುಡಿಯಾಗಿ ತಂಗಿಯ ಬಾಯಿಯೊಳಗೆಲ್ಲ ತುಂಬಿತು. ಗೋಡೆಯುದ್ದಕ್ಕೂ ಉಜ್ಜಿಕೊಂಡು ಹೋಗಿ, ಇನ್ನೊಮ್ಮೆ ಗುದ್ದಿ, ಕಾರು ನಿಂತಿತು.

ಮೊದಲು ಇಳಿದವಳು ಅಕ್ಕ. ಮೂಗಿನಿಂದ ರಕ್ತ ಸುರಿಯುತ್ತಿತ್ತು. ಸೀಟು ಮಡಚಿ ತಂಗಿಯನ್ನು ರಟ್ಟೆ ಹಿಡಿದು ಹೊರಗೆಳೆದಳು. ತಂಗಿಯ ಎಡ ಮಣಿಕಟ್ಟು ಇರಬಾರದ ಕಡೆಗೆ ತಿರುಗಿತ್ತು. ಒಳಗೆ ಸುತ್ತಿಗೆ ಕಿರುಚುತ್ತಿದ್ದ. ಬಾಗಿಲು ಒಳಕ್ಕೆ ಬಂದು ಅವನ ಬಲಗಾಲನ್ನು ಮೊಣಕಾಲಿನಿಂದ ಕೆಳಗೆ ಅರೆದು ಹಾಕಿತ್ತು. ಪ್ಯಾಂಟಿನ ಬಟ್ಟೆ ಮತ್ತು ಮಾಂಸದ ನಡುವೆ ಬಿಳಿಯ ಎಲುಬು ಕಾಣುತ್ತಿತ್ತು. ಬಾನೆಟ್ಟಿನ ಕೆಳಗೆ ಎಣ್ಣೆಯ ಕೊಳವೆ ಒಡೆದು, ಕೆಂಡವಾಗಿದ್ದ ಟರ್ಬೋದ ಮೇಲೆ ಎಣ್ಣೆ ಬೀಳುತ್ತಿತ್ತು. ಹೊಗೆ ಬಂತು. ಹೊಗೆಯ ಹಿಂದೆಯೇ ಒಂದು ಸಣ್ಣ ಹಳದಿ ಜ್ವಾಲೆ.

ಸೀಟಿನ ಕೆಳಗೆ ಬೆಂಕಿ ಆರಿಸುವ ಸಿಲಿಂಡರ್ ಇತ್ತು. ತಂಗಿ ಬಲಗೈಯಲ್ಲಿ ಅದನ್ನು ಎಳೆದು ತೆಗೆದಳು. ತೆಗೆದು, ಹಿಡಿದುಕೊಂಡು, ಸುಮ್ಮನೆ ನಿಂತಳು.

"ಆರ್ಸು" ಎಂದಳು ಅಕ್ಕ.

"ಅಕ್ಕ, ನಾವು ಹೋಗೋಣ." ತಂಗಿ ಒಂದು ಹೆಜ್ಜೆ ಹಿಂದೆ ಸರಿದಳು. "ಸ್ವಲ್ಪ ದೂರ ಹೋಗಿ ನಿಂತ್ಕೊಳ್ಳೋಣ. ಅಷ್ಟೇ. ಯಾರೂ ಏನೂ ಕೇಳಲ್ಲ. ನಾನು ಬೇಕಂತಲೇ ತಿರುವು ತೋರಿಸ್ಲಿಲ್ಲ ಅಕ್ಕ. ಇವನಿಗೆ ಈ ಗಾಡಿ ನಾನೇ ಆರಿಸಿಕೊಟ್ಟಿದ್ದು. ಒಬ್ಬನೇ ಹೋಗ್ತಾನೆ ಅಂದ್ಕೊಂಡಿದ್ದೆ. ನೀನು ಬರ್ತೀಯಾ ಅಂತ ಗೊತ್ತಿರ್ಲಿಲ್ಲ. ನಿನಗೋಸ್ಕರ ಅಕ್ಕ. ಎಲ್ಲ ನಿನಗೋಸ್ಕರ."

ಅಕ್ಕ ಅವಳನ್ನೇ ನೋಡಿದಳು. ಕಣ್ಣು ಪರೀಕ್ಷಿಸುವಾಗ ನೋಡುವ ಅದೇ ನೋಟ, ಆದರೆ ಈ ಸಲ ಅದರಲ್ಲಿ ಸಹನೆ ಇರಲಿಲ್ಲ. ಸಿಲಿಂಡರನ್ನು ಕಿತ್ತುಕೊಂಡಳು. ಪಿನ್ ಎಳೆದು ಬಾನೆಟ್ಟಿನ ಸಂದಿಗೆ ಹಿಡಿದು ಒತ್ತಿದಳು. ಬಿಳಿ ಪುಡಿ ಎಲ್ಲವನ್ನೂ ಮುಚ್ಚಿತು, ಜ್ವಾಲೆಯನ್ನೂ, ಕೆಂಪು ಬಣ್ಣವನ್ನೂ. ಸಿಲಿಂಡರ್ ಖಾಲಿಯಾಗುವವರೆಗೂ ಅವಳು ಬಿಡಲಿಲ್ಲ. ಆಮೇಲೆ ತಂಗಿಯ ಜೇಬಿನಿಂದ ಫೋನ್ ತೆಗೆದು ಆಂಬ್ಯುಲೆನ್ಸಿಗೆ ಹೇಳಿದಳು, ಯಾವ ರಸ್ತೆ, ಯಾವ ತಿರುವು, ಎಷ್ಟು ಜನ, ಎಲ್ಲ ಸರಿಯಾಗಿ.

ಒಳಗಿನಿಂದ ಕೆಮ್ಮು ಕೇಳಿತು. ಪುಡಿ ಮೆತ್ತಿ ಬೆಳ್ಳಗಾದ ಮುಖದಲ್ಲಿ ಸುತ್ತಿಗೆಯ ಕಣ್ಣುಗಳು ಮಾತ್ರ ಕೆಂಪಗಿದ್ದವು. ಅವನು ಎಲ್ಲ ಕೇಳಿಸಿಕೊಂಡಿದ್ದ. ಅಕ್ಕ ಎಡ ಬಾಗಿಲಿನಿಂದ ಬಗ್ಗಿ ನೋಡಿದ್ದೇ ತಡ, ಬಲಗೈ ಚಾಚಿ ಅವಳ ಕೂದಲನ್ನು ಮುಷ್ಟಿಯಲ್ಲಿ ಹಿಡಿದ. ಕಾಲು ಅರೆದುಹೋಗಿದ್ದರೂ ಕೈಯಲ್ಲಿ ಮೊದಲಿನದೇ ಬಲ.

"ಅಕ್ಕ ತಂಗಿ ಸೇರಿ ನನ್ನ ಕೊಲ್ತೀರೇನೇ? ನಾನು ಇಲ್ಲಿಂದ ಎದ್ದು ಬರ್ತೀನಿ. ಬಂದು ಮೊದ್ಲು ಅವಳನ್ನ ಮುಗಿಸ್ತೀನಿ. ನೀನು ನೋಡ್ತಾ ಕೂತಿರ್ಬೇಕು. ಆಮೇಲೆ ನಿನ್ನ." ಮುಷ್ಟಿ ತಿರುಚಿದ. ಅಕ್ಕನ ಕತ್ತು ಗೇರ್ ಲಿವರಿನ ಮೇಲೆ ಬಾಗಿತು.

ತಂಗಿ ಒಂದೇ ಕೈಯಲ್ಲಿ ಅಕ್ಕನ ಸೊಂಟ ಹಿಡಿದು ಎಳೆದಳು. ಅಕ್ಕ ಅವಳನ್ನು ಮೊಣಕೈಯಿಂದ ದೂರ ತಳ್ಳಿದಳು. ಖಾಲಿ ಸಿಲಿಂಡರ್ ಇನ್ನೂ ಅವಳ ಕೈಯಲ್ಲೇ ಇತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮಣಿಕಟ್ಟಿನ ಮೇಲೆ ಕುಕ್ಕಿದಳು. ಬೆರಳು ಸಡಿಲವಾಗಲಿಲ್ಲ. ಮತ್ತೆ ಕುಕ್ಕಿದಳು. ಏನೋ ಒಡೆದ ಸದ್ದು ಬಂತು, ಮುಷ್ಟಿ ಕೂದಲನ್ನು ಬಿಟ್ಟಿತು. ಆದರೂ ಅವಳು ನಿಲ್ಲಿಸಲಿಲ್ಲ. ಆ ಕೈಯನ್ನು ಸೀಟಿನ ಅಂಚಿಗೆ ಮೊಣಕಾಲಿನಿಂದ ಒತ್ತಿಟ್ಟುಕೊಂಡು ಗೆಣ್ಣುಗಳ ಮೇಲೆ ಹೊಡೆದಳು, ಒಂದೊಂದರ ಮೇಲೂ, ಹಲ್ಲಿನ ಗಾಯದ ಮೇಲೂ. ಸುತ್ತಿಗೆ ಮೊದಲು ಬೈದ, ಆಮೇಲೆ ಬೇಡಿಕೊಂಡ, ಕೊನೆಗೆ ಅವನ ಕಣ್ಣು ಮೇಲೆ ಸಿಕ್ಕಿಕೊಂಡಿತು. ಅಕ್ಕ ಸಿಲಿಂಡರನ್ನು ರಸ್ತೆಗೆ ಎಸೆದು ಗೋಡೆಗೊರಗಿ ಕೂತಳು. ರಕ್ತ, ಬಿಳಿ ಪುಡಿ ಎರಡೂ ಸೇರಿ ಅವಳ ಮುಖ ಗುರುತು ಸಿಗುವಂತಿರಲಿಲ್ಲ.

ತಂಗಿಗೆ ಅಳು ಉಕ್ಕಿ ಬಂತು. ಅದರಲ್ಲಿ ಸಂತೋಷವೇ ಹೆಚ್ಚಿತ್ತು, ಸುಳ್ಳೇಕೆ ಹೇಳಲಿ. ಪಕ್ಕದಲ್ಲಿ ಕೂತು ಅಕ್ಕನ ಹೆಗಲ ಮೇಲೆ ಕೈ ಹಾಕಿದಳು. "ಮುಗೀತು ಅಕ್ಕ. ಇನ್ನು ನಮ್ಮನೇಲೇ ಇರು. ಹಿಂದಿನ ರೂಮು ನಿಂಗೆ."

ಅಕ್ಕ ಅವಳ ಕೈಯನ್ನು ತೆಗೆದು ಅವಳ ಮಡಿಲಲ್ಲೇ ಇಟ್ಟಳು.

"ಇಷ್ಟು ವರ್ಷ ಅವನು ನನ್ನ ಒಂದು ಮಾತು ಕೇಳ್ಲಿಲ್ಲ. ಎಲ್ಲಿಗೆ ಹೋಗ್ಬೇಕು, ಏನು ಉಡ್ಬೇಕು, ಯಾವಾಗ ಮಾತಾಡ್ಬೇಕು. ನೀನೂ ಕೇಳ್ಲಿಲ್ಲ ಕಣೇ. ನಾನು ವಿಧವೆ ಆಗ್ಬೇಕಾ ಬೇಡ್ವಾ ಅಂತ ನೀನೇ ತೀರ್ಮಾನ ಮಾಡ್ದೆ."

"ನೀನು ಸಾಯ್ತಿದ್ದೆ ಅಕ್ಕ!"

"ಇವತ್ತೂ ಸಾಯ್ತಿದ್ದೆ. ನಿನ್ನ ಕೈಲಿ."

ತಂಗಿಯ ಕಿವಿಯೊಳಗಿನ ಶಿಳ್ಳೆಯ ಮೇಲೆ ಆಂಬ್ಯುಲೆನ್ಸಿನ ಸದ್ದು ಕೇಳಿಸತೊಡಗಿತು.

ಬಂದವರು ಬಾಗಿಲು ಕತ್ತರಿಸಿ ಸುತ್ತಿಗೆಯನ್ನು ಹೊರತೆಗೆದರು. ಉಸಿರಿತ್ತು. ಆಂಬ್ಯುಲೆನ್ಸಿನ ನರ್ಸು ಅವನ ಕಾಲಿಗೆ ಪಟ್ಟಿ ಬಿಗಿದು, ಆಮೇಲೆ ಬಲಗೈಯನ್ನು ಎತ್ತಿ ನೋಡಿ ಹುಬ್ಬು ಗಂಟಿಕ್ಕಿದಳು. "ಕಾಲು ಬಾಗಿಲಿಗೆ ಸಿಕ್ಕಿದೆ, ಸರಿ. ಕೈ ಹೇಗೆ ಹೀಗಾಯ್ತು?"

"ಅದು ನಾನು ಮಾಡಿದ್ದು" ಎಂದಳು ಅಕ್ಕ. ಹಲ್ಲಿಲ್ಲದ ಬಾಯಲ್ಲೂ ಆ ಮಾತು ಸ್ಪಷ್ಟವಾಗಿ ಬಂತು. "ಪೊಲೀಸರು ಬಂದ್ರೆ ಅವರಿಗೂ ಹೇಳ್ತೀನಿ. ಇವತ್ತಿಂದಲ್ಲ, ಮೊದಲಿಂದ ಎಲ್ಲ ಹೇಳ್ತೀನಿ."

ನರ್ಸು ಅಕ್ಕನ ಬಾಯಿ ನೋಡಿದಳು, ಕತ್ತು ನೋಡಿದಳು, ಮತ್ತೇನೂ ಕೇಳದೆ ಅವಳನ್ನು ಕೈಹಿಡಿದು ವಾಹನಕ್ಕೆ ಹತ್ತಿಸಿದಳು. ಒಳಗೆ ಇನ್ನೊಬ್ಬರಿಗೆ ಮಾತ್ರ ಜಾಗವಿತ್ತು. ತಂಗಿ ಮುರಿದ ಕೈಯನ್ನು ಎದೆಗವಚಿಕೊಂಡು ಮೆಟ್ಟಿಲ ಬಳಿ ಬಂದು ನಿಂತಳು.

"ಮನೆಯವರಾದ್ರೆ ಹತ್ಲಿ. ಇಲ್ಲಾಂದ್ರೆ ಹಿಂದೆ ಇನ್ನೊಂದು ಗಾಡಿ ಬರ್ತಿದೆ" ಎಂದು ನರ್ಸು ಅಕ್ಕನನ್ನು ಕೇಳಿದಳು. "ಇವರು ನಿಮಗೇನಾಗ್ಬೇಕು?"

ಅಕ್ಕ ತಂಗಿಯ ಮುಖವನ್ನು ನೋಡಿದಳು.

"ಕಾರು ತೋರಿಸೋಳು" ಎಂದಳು.

ನರ್ಸು ಬಾಗಿಲು ಹಾಕಿಕೊಂಡಳು.